ಗೋಡೆಯ ಮೇಲಿನ ಪೊಲ್ಲಿಲೂರು

ಶ್ರೀರಂಗಪಟ್ಟಣಕ್ಕೆ ಪ್ರವಾಸ ಬರುವ ಶಾಲಾ ಮಕ್ಕಳಲ್ಲಿ ಕಾಳಗದ ಕಥೆ ಎಂದರೆ ಊಟ ಮರೆಯುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮುಂದೆ ಬಂದಾಗ ಅವರ ಕಾಲು ಅಲ್ಲೇ ನಿಂತುಬಿಡುತ್ತದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಸೇರಿ ಇಂಗ್ಲಿಷರ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿದ ಕಾಳಗ ಆ ಗೋಡೆಯ ತುಂಬ ಇದೆ. ಯುದ್ಧವೊಂದನ್ನು ಮೊದಲ ಸಲ ಅರಿಯಲು ಹೊರಟವರಿಗೆ ಈ ಚಿತ್ರ ಎಂಥ ಮೇಷ್ಟ್ರು? ಪಠ್ಯಪುಸ್ತಕಕ್ಕಿಂತ ಎಷ್ಟೋ ವಾಸಿ. ಆದರೆ ಅರ್ಧ ಪಾಠಕ್ಕೇ ಗಂಟೆ ಹೊಡೆಸಿಬಿಡುವ ಮೇಷ್ಟ್ರು.

ಪಠ್ಯದಲ್ಲಿ ಎರಡನೆಯ ಆಂಗ್ಲೋ–ಮೈಸೂರು ಯುದ್ಧ ಎಂದರೆ ಕಾರಣಗಳು, ಆಮೇಲೆ 1784ರ ಮಂಗಳೂರು ಒಪ್ಪಂದ. ನಡುವೆ ಯಾರೂ ಸಾಯುವುದೇ ಇಲ್ಲ. ಗೋಡೆಯಲ್ಲಿ ಹಾಗಲ್ಲ. ಕೆಂಪು ಕೋಟಿನವರು ನಾಲ್ಕೂ ಕಡೆ ಮುಖಮಾಡಿ ಚೌಕವಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ ಬೆರಳು ಕಚ್ಚುತ್ತಿದ್ದಾನೆ. ಪಕ್ಕದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ಆ ಸ್ಫೋಟ ಕಲಾವಿದನ ಅಲಂಕಾರವಲ್ಲ. ಮದ್ದು ಹೊತ್ತಿ ಉರಿದ ಮೇಲೆ ಚೌಕದ ತೋಪುಗಳಿಗೆ ಬಾಯಿ ಇಲ್ಲದಾಯಿತು, ಮೈಸೂರಿನ ಕುದುರೆ ಪಡೆಗೆ ದಾರಿಯಾಯಿತು. ಕಾಳಗ ತಿರುಗಿದ ಗಳಿಗೆಯನ್ನೇ ಹೆಕ್ಕಿ ನಡುವೆ ಇಟ್ಟಿರುವುದು ಈ ಚಿತ್ರದ ದೊಡ್ಡ ಜಾಣ್ಮೆ.

ಆದರೆ ಆ ಚೌಕ ಅಲ್ಲಿಗೆ ಬಂದು ಸಿಕ್ಕಿಬಿದ್ದದ್ದು ಹೇಗೆ ಎಂದು ಕೇಳಿದರೆ ಗೋಡೆ ಮೂಕ. ಉತ್ತರವಿರುವುದು ನೀರಿನಲ್ಲಿ ಮತ್ತು ಹಟದಲ್ಲಿ. ಗುಂಟೂರಿನಿಂದ ಇಳಿದು ಬರುತ್ತಿದ್ದ ಬೈಲಿ ಆಗಸ್ಟ್ ಕೊನೆಯಲ್ಲಿ ಕೊರತಲೈಯಾರು ನದಿಯನ್ನು ಅಂದೇ ದಾಟದೆ ದಡದಲ್ಲಿ ಬೀಡುಬಿಟ್ಟ. ರಾತ್ರಿ ನದಿ ತುಂಬಿತು, ಒಂದು ವಾರಕ್ಕೂ ಹೆಚ್ಚು ಕಾಲ ಇಳಿಯಲಿಲ್ಲ. ಹೈದರನಿಗೆ ಬೇಕಾಗಿದ್ದದ್ದೂ ಆ ಸಮಯವೇ. ಕಾಂಚೀಪುರದಲ್ಲಿ ದೊಡ್ಡ ಸೈನ್ಯ ಇಟ್ಟುಕೊಂಡಿದ್ದ ಹೆಕ್ಟರ್ ಮನ್ರೋ ಒಂದು ದಿನದ ನಡಿಗೆಯಷ್ಟೂ ದೂರವಿರಲಿಲ್ಲ. ಆದರೂ ತಾನೇ ಹೋಗದೆ ಕರ್ನಲ್ ಫ್ಲೆಚರನ ಕೈಯಲ್ಲಿ ಒಂದಿಷ್ಟು ಜನರನ್ನು ಕಳಿಸಿ ಸುಮ್ಮನಾದ. ಬೈಲಿ ಸೋತ ಸುದ್ದಿ ತಿಳಿದ ಮೇಲೆ ಅವನು ಭಾರದ ತೋಪುಗಳನ್ನು ಕಾಂಚೀಪುರದ ಕೆರೆಗೆ ನೂಕಿ ಮದ್ರಾಸಿನತ್ತ ಓಡಿದ. ಮಕ್ಕಳು 1764ರ ಬಕ್ಸಾರ್ ಯುದ್ಧದ ವಿಜಯಿ ಎಂದು ಬಾಯಿಪಾಠ ಮಾಡುವುದು ಇದೇ ಮನ್ರೋನನ್ನು! ಈ ಒಂದು ಸಂಗತಿ ಸಾಕು, ಬಾಯಿಪಾಠದ ಪಟ್ಟಿಯ ಮೇಲೆ ಅನುಮಾನ ಹುಟ್ಟಿಸಲು.

ಇನ್ನೊಂದು ಕೊರತೆ ಹೆಚ್ಚು ಕಾಡುತ್ತದೆ. ಬೈಲಿಯ ಪಡೆಯಲ್ಲಿ ಹೆಚ್ಚಿನವರು ದಕ್ಷಿಣದ ಸಿಪಾಯಿಗಳು. ಗೋಡೆ ನಮ್ಮ ಕಣ್ಣನ್ನು ಎಳೆದೊಯ್ಯುವುದು ಬಿಳಿಯರ ಕಡೆಗೆ, ಆನೆ ಕುದುರೆ ಏರಿದ ದೊರೆಗಳ ಕಡೆಗೆ. ಎರಡೂ ಕಡೆ ಸತ್ತವರು ಹೆಚ್ಚುಕಡಿಮೆ ನೆರೆಹೊರೆಯವರು ಎಂಬುದು ಹೊಳೆಯುವುದೇ ಇಲ್ಲ.

ಬಣ್ಣವೂ ಪೂರ್ತಿ ಹಳೆಯದಲ್ಲ. ಟಿಪ್ಪುವಿನ ನಂತರ ಇಲ್ಲಿ ವಾಸವಿದ್ದ ಇಂಗ್ಲಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ, ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ, ಇಬ್ಬರೂ ಚಿತ್ರವನ್ನು ದುರಸ್ತಿ ಮಾಡಿಸಿದರು. ತಮ್ಮ ಸೋಲಿಗೆ ತಾವೇ ಬಣ್ಣ ಹಚ್ಚಿಸಿದ ಗೆದ್ದವರು ಅಪರೂಪ.

ಈ ಚಿತ್ರವನ್ನು ಮೊದಲು ಬರೆಸಿದ್ದು ಅರಸು ಟಿಪ್ಪು. ಅದರಿಂದ ಸೋಲಿನ ಲೆಕ್ಕ ಕೇಳುವಂತಿಲ್ಲ. 1781ರ ಆಗಸ್ಟ್‌ನಲ್ಲಿ ಅದೇ ಪೊಲ್ಲಿಲೂರಿನಲ್ಲಿ ಇಂಗ್ಲಿಷ್ ಸೇನಾಪತಿ ಐರ್ ಕೂಟ್ ಹೈದರನನ್ನು ಹಿಂದೆ ಸರಿಸಿದ್ದು ಇಲ್ಲಿ ಬರಬೇಕಾಗಿಯೂ ಇರಲಿಲ್ಲ. ಆ ಲೆಕ್ಕ ಕೊಡಬೇಕಾದವರು ಜೊತೆಗೆ ಬರುವ ಮೇಷ್ಟರು. ಬಸ್ಸಿನಲ್ಲೇ ನಕ್ಷೆ ಬಿಚ್ಚಿ ನದಿ, ಕಾಂಚೀಪುರ ತೋರಿಸಿದರೆ ಆ ಚೌಕ ತಾನೇ ಮಾತಾಡುತ್ತದೆ. ಹೈದರ್, ಟಿಪ್ಪು ಸಮಾಧಿಯಾದ ಗುಂಬಜಿನ ಬಳಿ 1816ರಲ್ಲಿ ಬೈಲಿಯ ಸೋದರಳಿಯ ಕಟ್ಟಿಸಿದ ಸ್ಮಾರಕವಿದೆ. ಸೆರೆಯಲ್ಲೇ 1782ರಲ್ಲಿ ಸತ್ತವನ ನೆನಪಿಗೆ. ಪ್ರವಾಸದ ಬಸ್ಸುಗಳು ಗುಂಬಜಿಗೆ ಹೇಗೂ ಹೋಗುತ್ತವೆ. ಅಲ್ಲಿಗೂ ಹತ್ತು ನಿಮಿಷ ಕೊಡಲಿ.