ಜನಸಂಖ್ಯೆಯ ಗಣಿತವೂ ಉಪಮೆಯ ಔಚಿತ್ಯವೂ

ಲೋಕವ್ಯವಹಾರವನ್ನು ಗಣಿತದಿಂದ ನಿರೂಪಿಸುವ ಕ್ರಮವನ್ನು ಬೋಧಿಸುವವರಿಗೆ ಪ್ರಪಂಚದ ಜನಸಂಖ್ಯೆಯ ವೃದ್ಧಿಯು ಅತ್ಯಂತ ಪ್ರಿಯವಾದ ಉದಾಹರಣೆ. ವ್ಯವಹಾರದ ಮೂಲಕ ಗಣಿತವನ್ನು ಕಲಿಸುವ ಸಂಪ್ರದಾಯವು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ತನ್ನ ಗ್ರಂಥಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರಿಟ್ಟನು. ಆದರೆ ಸೂತ್ರವನ್ನು ಕೊಟ್ಟು ಉತ್ತರವನ್ನು ತೆಗೆಯಿಸುವಷ್ಟರಲ್ಲಿಯೇ ಪಾಠವು ಮುಗಿದರೆ, ಆ ಸೂತ್ರವು ಯಾವ ಊಹೆಯನ್ನು ಆಶ್ರಯಿಸಿದೆಯೆಂಬ ಮುಖ್ಯ ವಿಚಾರವೇ ಉಳಿದುಹೋಗುವುದು.

ವಸ್ತುತಃ ಇಂಥ ಸೂತ್ರವು ಒಂದು ಉಪಮೆ. ಜನಸಮುದಾಯವು ಉಪಮೇಯ, ಗುಣೋತ್ತರ ಶ್ರೇಢಿಯು ಉಪಮಾನ, ಸಮಾನ ಕಾಲದಲ್ಲಿ ಸಮಾನ ಅನುಪಾತದಿಂದ ಬೆಳೆಯುವುದು ಸಾಧಾರಣಧರ್ಮ. ಈ ಧರ್ಮವು ಉಪಮೇಯದಲ್ಲಿ ಕಾಣದಿದ್ದಲ್ಲಿ ಲೆಕ್ಕವು ಎಷ್ಟು ಶುದ್ಧವಾಗಿದ್ದರೂ ಉಪಮೆಯು ಸದೋಷವೇ ಸರಿ.

ತಡೆಯಿಲ್ಲದ ಜನಸಂಖ್ಯೆಯು 25 ವರ್ಷಗಳಿಗೊಮ್ಮೆ ಇಮ್ಮಡಿಯಾಗುವುದೆಂದು ಮಾಲ್ಥಸನು 1798ರಲ್ಲಿ ಪ್ರತಿಪಾದಿಸಿದನು. ‘ತಡೆಯಿಲ್ಲದ’ ಎಂಬ ವಿಶೇಷಣವನ್ನು ಬಿಟ್ಟು ಓದುವವರೇ ಹೆಚ್ಚು. ಇತಿಹಾಸವು ಹೇಳುವುದೇ ಬೇರೆ. ಪ್ರಪಂಚದ ಜನರು 1804ರ ಸುಮಾರಿಗೆ 100 ಕೋಟಿ, 1927ರ ಸುಮಾರಿಗೆ 200 ಕೋಟಿ, 1960ರಲ್ಲಿ 300 ಕೋಟಿ, 1974ರಲ್ಲಿ 400 ಕೋಟಿ, 1999ರಲ್ಲಿ 600 ಕೋಟಿ, 2022ರಲ್ಲಿ 800 ಕೋಟಿ. ನೂರು ಇನ್ನೂರಾಗಲು 123 ವರ್ಷಗಳು ಹಿಡಿದರೆ, ಇನ್ನೂರು ನಾನೂರಾಗಲು 47, ಮುನ್ನೂರು ಆರುನೂರಾಗಲು 39, ನಾನೂರು ಎಂಟುನೂರಾಗಲು 48 ವರ್ಷಗಳು ಹಿಡಿದುವು. ಇಮ್ಮಡಿಯ ಅವಧಿಯು ಮೊದಲು ಕುಗ್ಗಿ ಅನಂತರ ಹಿಗ್ಗಿತು. ಶ್ರೇಢಿಯು ಬಯಸುವಂತೆ ಅದು ಸ್ಥಿರವಾಗಿ ನಿಲ್ಲಲಿಲ್ಲ.

ಕುಗ್ಗುತ್ತಿದ್ದ ಅವಧಿಯನ್ನೇ ನಂಬಿ ಫಾನ್ ಫರ್ಸ್ಟರ್ ಮತ್ತು ಆತನ ಸಹೋದ್ಯೋಗಿಗಳು 1960ರಲ್ಲಿ ಇನ್ನೊಂದು ಸೂತ್ರವನ್ನು ರಚಿಸಿ, ಜನಸಂಖ್ಯೆಯು ಅನಂತವಾಗುವ ದಿನವು 2026ರ ನವೆಂಬರ್ 13 ಎಂದು ಗಣಿಸಿದರು. ಹಿಂದಿನ ಶತಮಾನಗಳ ಅಂಕಿಗಳಿಗೆ ಅದು ಚೆನ್ನಾಗಿಯೇ ಹೊಂದಿತು. ಆದರೆ ಅದರ ಪ್ರಕಾರ 2022ರ ನವೆಂಬರಿನಲ್ಲಿ ಸುಮಾರು 4,500 ಕೋಟಿ ಜನರಿರಬೇಕಾಗಿತ್ತು! ಕಳೆದುದಕ್ಕೆ ಹೊಂದುವ ಸೂತ್ರವು ಬರುವುದಕ್ಕೂ ಹೊಂದಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಬೆಳವಣಿಗೆಗೆ ಮೇರೆಯುಂಟೆಂದು 1838ರಲ್ಲಿ ತೋರಿಸಿದ ವೆರ್‌ಹುಲ್ಸ್ಟನ ಮಾರ್ಗವು ಹೆಚ್ಚು ವಿವೇಕಯುಕ್ತವಾದುದು. ಆದರೂ 1845ರಲ್ಲಿ ಆತನು ಬೆಲ್ಜಿಯಮಿಗೆ ವಿಧಿಸಿದ ಪರಮಾವಧಿಯು 66 ಲಕ್ಷ. ಇಂದು ಆ ದೇಶದ ಜನರು 110 ಲಕ್ಷವನ್ನು ಮೀರಿದ್ದಾರೆ. ಮೇರೆಯುಂಟೆಂಬ ಊಹೆಯು ಯುಕ್ತವಾಗಿದ್ದರೂ ಮೇರೆಯ ಸ್ಥಾನವು ಅಂಕಿಗಳಿಂದಲೇ ಗೊತ್ತಾಗಲಿಲ್ಲ.

ಪ್ರಪಂಚದ ಅಂಕಿಗಳು ದೂರದವು. ಅವುಗಳ ದೋಷವು ವಿದ್ಯಾರ್ಥಿಯ ಅನುಭವಕ್ಕೆ ನಿಲುಕುವುದಿಲ್ಲ. ನಾಡಿನ ಗಣತಿಯಾದರೆ ನಿಲುಕುವುದು. ಕರ್ನಾಟಕದ ಜನಸಂಖ್ಯೆಯು 1971ರಲ್ಲಿ 2.93 ಕೋಟಿ, 1981ರಲ್ಲಿ 3.71 ಕೋಟಿ, ವೃದ್ಧಿಯು ನೂರಕ್ಕೆ 26.75. ಇದೇ ಅನುಪಾತವನ್ನು ಮುಂದಕ್ಕೊಯ್ದರೆ 2011ಕ್ಕೆ 7.56 ಕೋಟಿಯಾಗುವುದು, ಗಣತಿಯಲ್ಲಿ ಬಂದುದು 6.11 ಕೋಟಿ. ಈ 1.45 ಕೋಟಿಯ ಅಂತರವೇ ನಿಜವಾದ ಪಾಠ. ಹಾವೇರಿ ಜಿಲ್ಲೆಯ ಲೆಕ್ಕವು ರಾಜ್ಯದ ಲೆಕ್ಕಕ್ಕಿಂತಲೂ ಬೇರೆ: 2001ರಲ್ಲಿ 14.39 ಲಕ್ಷವಿದ್ದುದು 2011ರಲ್ಲಿ 15.98 ಲಕ್ಷವಾಯಿತು; ಎಂದರೆ ರಾಜ್ಯದ ವೃದ್ಧಿಯು ನೂರಕ್ಕೆ 15.6 ಇರುವಾಗ ಜಿಲ್ಲೆಯದು ಸುಮಾರು 11. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಂಥ ಊರಿನ ತರಗತಿಯಲ್ಲಿ ಈ ಅಂಕಿಗಳನ್ನಿಟ್ಟರೆ, ಹುಟ್ಟಿದವರೆಷ್ಟು, ಸತ್ತವರೆಷ್ಟು, ಕೆಲಸವನ್ನರಸಿ ಊರು ಬಿಟ್ಟವರೆಷ್ಟು ಎಂಬ ಪ್ರಶ್ನೆಗಳು ತಾವಾಗಿಯೇ ಏಳುವುವು. ಇವುಗಳಲ್ಲಿ ಕೊನೆಯದಕ್ಕೆ ಪ್ರಪಂಚದ ಸೂತ್ರದಲ್ಲಿ ಸ್ಥಾನವೇ ಇಲ್ಲ. ಪ್ರಪಂಚವನ್ನು ಬಿಟ್ಟು ಹೋಗುವವರಿಲ್ಲವಷ್ಟೆ.

ಇದು ಕೇವಲ ಪಾಠಶಾಲೆಯ ಚರ್ಚೆಯಲ್ಲ. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲಿಲ್ಲ. 2013ರ ಆಹಾರಭದ್ರತಾ ಕಾಯಿದೆಯ ಮೇರೆಗೆ ಪಡಿತರಕ್ಕೆ ಅರ್ಹರಾದವರ ಸಂಖ್ಯೆಯು ನಿಗದಿಯಾದುದು 2011ರ ಗಣತಿಯ ಆಧಾರದ ಮೇಲೆ. ಎಣಿಕೆಯಿಲ್ಲದ ವರ್ಷಗಳಲ್ಲಿ ಹಳೆಯ ಅಂಕಿಯನ್ನು ಹಿಡಿಯುವುದೂ ಒಂದು ಊಹೆ, ಹೊಸದನ್ನು ಸೂತ್ರದಿಂದ ತೆಗೆಯುವುದೂ ಒಂದು ಊಹೆ. ಊಹೆಯು ತಪ್ಪಿದಲ್ಲಿ ಅಕ್ಕಿಯು ತಪ್ಪುವುದು ಒಂದು ಮನೆಗೆ. ಉಪಮೆಯ ಗುಣದೋಷಗಳನ್ನು ವಿವೇಚಿಸುವ ಶಿಕ್ಷಣವು ಅಲಂಕಾರಶಾಸ್ತ್ರದ ತರಗತಿಯಲ್ಲಿ ಎಷ್ಟು ಅವಶ್ಯವೋ ಗಣಿತದ ತರಗತಿಯಲ್ಲಿಯೂ ಅಷ್ಟೇ ಅವಶ್ಯವೆಂಬುದು ಇದರಿಂದ ಸಿದ್ಧವಾಗುವುದು.