ಕೆರೆಗೆ ಅಂಚು ಬೇಡವೇ?

ಬೇಸಿಗೆ ಬಂತೆಂದರೆ ಹಾವೇರಿ ಜಿಲ್ಲೆಯ ಕೆರೆಗಳಿಗೆ ಹಿಟಾಚಿ ಇಳಿಯುತ್ತದೆ. ಹೂಳೆತ್ತುವುದು ಬೇಡವೆಂದು ಇಲ್ಲಿ ಯಾರೂ ಹೇಳಲಾರರು. ಹಾನಗಲ್ಲಿನಿಂದ ಸವಣೂರಿನವರೆಗೆ ಕೊಳವೆಬಾವಿಯ ಹಣೆಬರಹ ನಿಂತಿರುವುದೇ ಕೆರೆಯ ಮೇಲೆ. ನನ್ನ ತಕರಾರು ತೋಡುವ ರೀತಿಯ ಬಗ್ಗೆ.

ಒಡ್ಡು ಹಾಕಿ ನೀರು ನಿಲ್ಲಿಸುವ ಕಸುಬು ಮನುಷ್ಯನೊಬ್ಬನದೇ ಅಲ್ಲ. ಉತ್ತರ ಅಮೆರಿಕ, ಯುರೋಪುಗಳ ಬೀವರ್ ಎಂಬ ಪ್ರಾಣಿ ಮರ ಕಡಿದು, ಕೊಂಬೆ, ಕೆಸರು, ಕಲ್ಲು ಸೇರಿಸಿ ಹಳ್ಳಕ್ಕೆ ಅಡ್ಡಗಟ್ಟೆ ಕಟ್ಟುತ್ತದೆ. ಕಟ್ಟೆ ಕುಳ್ಳು, ಸೋರುವಂಥದ್ದು. ಹಿಂದೆ ನಿಂತ ನೀರು ಆಳಕ್ಕಿಂತ ಅಗಲಕ್ಕೆ ಹರಡುತ್ತದೆ, ಹೂಳು ತಂಗುತ್ತದೆ, ಸುತ್ತಲ ನೆಲದಲ್ಲಿ ತೇವ ಏರುತ್ತದೆ. ಮುಳುಗಿ ಸತ್ತ ಮರ ಮರಕುಟಿಗಕ್ಕೆ, ತೆಳುನೀರು ಕಪ್ಪೆಗೆ, ಜೊಂಡು ಬಾತಿಗೆ. ಹರಿಯುವ ನೀರಿನ ಸದ್ದು ಕೇಳಿದರೆ ಸಾಕು, ಬೀವರ್ ದುರಸ್ತಿಗೆ ಹೊರಡುತ್ತದೆ. ಸ್ವೀಡನ್ನಿನ ಸಂಶೋಧಕ ಲಾರ್ಸ್ ವಿಲ್ಸನ್ ಧ್ವನಿಮುದ್ರಿತ ಸದ್ದು ಕೇಳಿಸಿದಾಗ ಬೀವರ್‌ಗಳು ಸ್ಪೀಕರ್ ಮೇಲೇ ಕಡ್ಡಿ, ಕೆಸರು ಒಟ್ಟಿದ್ದವು! ನಮ್ಮಲ್ಲಿ ತೂಬು ಸೋರುವ ಸದ್ದು ಕೇಳಿಸಬೇಕಾದರೆ ಟೆಂಡರ್ ಕರೆಯಬೇಕು.

ಬೀವರ್ ಇಲ್ಲದ ಈ ಸೀಮೆಯಲ್ಲಿ ಆ ಕೆಲಸವನ್ನು ಕೆರೆ ಕಟ್ಟಿದವರು ಮಾಡಿದರು. ಹಿರೇಕೆರೂರ ಸೀಮೆಯ ಮಾಸೂರಿನ ಬಳಿ ಕುಮದ್ವತಿ ನದಿಗೆ ಗುಡ್ಡಗಳ ನಡುವೆ ಒಡ್ಡು ಹಾಕಿದ ಮದಗದ ಕೆರೆ ವಿಜಯನಗರ ಕಾಲದ್ದು. ಕಟ್ಟಿದವರು ಹಕ್ಕಿಗಾಗಿ ಕಟ್ಟಲಿಲ್ಲ, ಗದ್ದೆಗಾಗಿ ಕಟ್ಟಿದರು; ಅವರನ್ನು ಪರಿಸರವಾದಿಗಳೆಂದು ಹೊಗಳುವುದು ವೃಥಾ. ಆದರೆ ಎತ್ತು, ಗುದ್ದಲಿ, ಬುಟ್ಟಿಯ ಕಾಲದಲ್ಲಿ ಕೆರೆಯಂಗಳವನ್ನೆಲ್ಲ ತೋಡಲು ಯಾರಿಂದಲೂ ಆಗುತ್ತಿರಲಿಲ್ಲ. ಮಣ್ಣು ಒಡ್ಡಿಗೆ ಬೇಕಿತ್ತು, ಅಷ್ಟೇ ತೆಗೆದರು. ಇಳಿಜಾರು ಇದ್ದಂತೆಯೇ ಉಳಿಯಿತು. ಕೆರೆಯ ಜೀವವೆಲ್ಲ ಆ ಇಳಿಜಾರಿನಲ್ಲಿದೆ.

ಜನವರಿಯ ಹೊತ್ತಿಗೆ ಅಂಥ ಅಂಗಳದಲ್ಲಿ ನೀರು ದಿನದಿನಕ್ಕೆ ಹಿಂದೆ ಸರಿಯುತ್ತದೆ. ಹಸಿ ಕೆಸರು ಹೊಳೆಯುತ್ತದೆ. ಎಮ್ಮೆ ತುಳಿದ ಗೊರಸಿನ ಗುಂಡಿಗಳಲ್ಲಿ ಬೆರಳುದ್ದದ ನೀರು, ಅದರಲ್ಲಿ ಸಿಕ್ಕಿಕೊಂಡ ಮರಿಮೀನು. ಮೆಟ್ಟುಗಾಲು ಹಕ್ಕಿ ಮೊಣಕಾಲಿನಷ್ಟು ನೀರಿನಲ್ಲಿ ಹೆಜ್ಜೆಹೆಜ್ಜೆಗೂ ಕೊಕ್ಕು ಅದ್ದುತ್ತದೆ, ಕೆಂಬರಲು ಕೆಸರು ಕೆದಕುತ್ತದೆ. ಇವಕ್ಕೆ ಆಳ ಬೇಡ, ಆಳದಲ್ಲಿ ಕಾಲೂರಲಾಗದು.

ಈಗಿನ ಅಭಿವೃದ್ಧಿ ಈ ತೆಳುನೀರಿನ ಅಂಚನ್ನೇ ಮೊದಲು ನುಂಗುತ್ತಿದೆ. ಸುತ್ತಲೂ ನೆಟ್ಟಗೆ ಕಡಿದು, ಕಲ್ಲಿನ ಪಿಚಿಂಗ್ ಮಾಡಿ, ಮೇಲೊಂದು ನಡೆದಾಡುವ ದಾರಿ ಹಾಕಿದರೆ ಕೆರೆ ಬೋಗುಣಿಯಾಗುತ್ತದೆ. ಫೋಟೊದಲ್ಲಿ ಚಂದ. ಕಪ್ಪೆಮರಿಗೆ ಮೇಲೆ ಹತ್ತಲು ದಾರಿಯಿಲ್ಲ. 2022ರ ಏಪ್ರಿಲ್ 24ರಂದು ಘೋಷಣೆಯಾದ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಕೆರೆಗಳ ಗುರಿ ಇಟ್ಟಿತು: ಕನಿಷ್ಠ ಒಂದು ಎಕರೆ, ಸುಮಾರು 10,000 ಘನ ಮೀಟರ್ ನೀರು. ಗುರಿ ಒಳ್ಳೆಯದೇ. ಆದರೆ ಘನ ಮೀಟರ್ ಎಂಬ ಅಳತೆಗೆ ತೆಳುನೀರು ಬರೀ ನಷ್ಟವಾಗಿ ಕಾಣುತ್ತದೆ.

ಇನ್ನೊಂದು ಬದಲಾವಣೆ ಏತ ನೀರಾವರಿಯಿಂದ ಕೆರೆ ತುಂಬಿಸುವುದು. ಹಾನಗಲ್ಲಿನ ಬಾಳಂಬೀಡ, ಹಿರೇಕೆರೂರಿನ ಸರ್ವಜ್ಞ ಯೋಜನೆಗಳನ್ನು ರೈತರು ಬಯಸಿದ್ದು ಸಹಜ. ಮಳೆ ಕೈಕೊಟ್ಟ ವರ್ಷ ಬಿತ್ತಿದವರಿಗೆ ಅದರ ಬೆಲೆ ಗೊತ್ತು, ಅದನ್ನು ನಾನು ಹೀಗಳೆಯಲಾರೆ. ಆದರೂ ವರ್ಷವಿಡೀ ಅಂಚಿಗೆ ತುಂಬಿ ನಿಂತ ಕೆರೆಯಲ್ಲಿ ನೀರುಕಾಗೆ ಇದ್ದೀತು, ಕೆಸರಿನ ಹಕ್ಕಿ ಇರದು. ಏರುವುದು, ಇಳಿಯುವುದು ಎರಡೂ ಕೆರೆಯ ಬಾಳು. ಬೀವರ್ ಬಿಟ್ಟುಹೋದ ಹೊಂಡವೂ ಕಟ್ಟೆ ಒಡೆದು ಹುಲ್ಲುಗಾವಲಾಗುತ್ತದೆ, ಅಲ್ಲಿ ಬೇರೆ ಜೀವಿಗಳು ಮೇಯುತ್ತವೆ.

ಬಿಟ್ಟ ಜಾಗದ ಗುಣ ಕಾಣಲು ದೂರ ಹೋಗಬೇಕಿಲ್ಲ. ಶಿಗ್ಗಾಂವಿ ತಾಲೂಕಿನ ಬಂಕಾಪುರ ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನೆಗೆಂದು ಕಾಯ್ದಿಟ್ಟ ಕುರುಚಲಲ್ಲಿ ನವಿಲು ತಾನಾಗಿ ಹೆಚ್ಚಿತು. ನವಿಲುಧಾಮವೆಂಬ ಹೆಸರು ಆಮೇಲೆ ಬಂದದ್ದು.

ಕೆರೆಗೂ ಅಷ್ಟೇ ಬೇಕು. ಒಡ್ಡಿನ ಬುಡದಲ್ಲಿ ಎಷ್ಟು ಬೇಕೋ ಅಷ್ಟು ಆಳಕ್ಕೆ ತೋಡಲಿ, ಆ ಮಣ್ಣು ಹೊಲಕ್ಕೆ ಹೋಗಲಿ. ನೀರು ಒಳಬರುವ ಕಡೆಯ ಮೂರರಲ್ಲೊಂದು ಪಾಲು ಅಂಗಳವನ್ನು ಮುಟ್ಟಬಾರದು, ಜೊಂಡು ಇರಲಿ, ಪಿಚಿಂಗ್ ಒಡ್ಡಿಗಷ್ಟೇ ಸಾಕು. ಇದಕ್ಕೆ ಹೊಸ ದುಡ್ಡೇನೂ ಬೇಡ, ಇರುವ ಖರ್ಚೇ ತಗ್ಗುತ್ತದೆ. ಎತ್ತಿದ ಹೂಳಿನ ಅಳತೆಗೆ ಬಿಲ್ ಆಗುತ್ತಿರುವವರೆಗೆ ಗುತ್ತಿಗೆದಾರನಿಗೆ ಅದೇ ಅಡ್ಡಿ.