ನಿಮಿಷ, ಅನಿಮಿಷ: ಕಾಲಯಾನದ ಎರಡು ಚಲನಚಿತ್ರಗಳು

ಗಡಿಯಾರದ ಅರವತ್ತು ಸೆಕೆಂಡುಗಳಿಗೆ ನಾವಿಂದು ಬಳಸುವ ‘ನಿಮಿಷ’ ಎಂಬ ಮಾತು ಮೂಲತಃ ಕಣ್ಣಿನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವಷ್ಟು ಕಾಲವನ್ನು ಸೂಚಿಸುವಂಥದು. ರೆಪ್ಪೆ ಬಡಿಯದ ದೇವತೆಗಳು ಆದ್ದರಿಂದಲೇ ಅನಿಮಿಷರು. ಸ್ವಯಂವರ ಮಂಟಪದಲ್ಲಿ ಒಂದೇ ರೂಪದ ಐವರ ನಡುವೆ ದಮಯಂತಿಯು ನಳನನ್ನು ಕಂಡುಹಿಡಿಯಲು ನೆರವಾದ ಕುರುಹುಗಳಲ್ಲಿ ಬಡಿಯುವ ರೆಪ್ಪೆಯೂ ಒಂದು. ಕಾಲಕ್ಕೆ ಒಳಗಾದವನು ಕಣ್ಣು ಮಿಟುಕಿಸುತ್ತಾನೆ; ಕಾಲವನ್ನು ಮೀರಿದವನಿಗೆ ಆ ಅಗತ್ಯವಿಲ್ಲ. 2024ರ ಮಾರ್ಚ್ 8ರಂದು ತೆರೆಕಂಡ, ಶ್ರೀನಿಧಿ ಬೆಂಗಳೂರು ಅವರ ನಿರ್ದೇಶನದ ‘ಬ್ಲಿಂಕ್’ ಚಿತ್ರವು ಕಾಲಯಾನವನ್ನು ಕಣ್ಣಿನ ರೆಪ್ಪೆಗೆ ಕಟ್ಟಿದಾಗ, ಉದ್ದೇಶಪೂರ್ವಕವಾಗಿಯೋ ಅಲ್ಲದೆಯೋ, ಈ ಹಳೆಯ ನಂಬಿಕೆಯನ್ನು ಮುಟ್ಟಿತು. ಇಂಗ್ಲಿಷಿನ ಶೀರ್ಷಿಕೆಯ ಹಿಂದೆ ನಮ್ಮದೇ ಪದವೊಂದು ಅಡಗಿತ್ತೆಂಬುದು ಗಮನಾರ್ಹ.

ಕನ್ನಡ ಚಲನಚಿತ್ರಕ್ಕೆ ಕಾಲಯಂತ್ರದ ಪರಂಪರೆ ಇಲ್ಲವೆಂದೇ ಹೇಳಬೇಕು. ಆ ಕೆಲಸವನ್ನು ಇಲ್ಲಿ ಬಹುಕಾಲ ಪುನರ್ಜನ್ಮದ ಕಥೆಗಳು ಮಾಡಿದವು. ಸಿಂಗೀತಂ ಶ್ರೀನಿವಾಸರಾವ್ ಅವರು 1984ರಲ್ಲಿ ಕನ್ನಡದಲ್ಲಿ ‘ಶ್ರಾವಣ ಬಂತು’ ಚಿತ್ರವನ್ನು ಹಿಂದಿನ ಜನ್ಮದ ನೆನಪಿನ ಮೇಲೆ ನಿಲ್ಲಿಸಿದರು. ಅವರೇ 1991ರಲ್ಲಿ ತೆಲುಗಿನ ‘ಆದಿತ್ಯ 369’ ಚಿತ್ರಕ್ಕಾಗಿ ಯಂತ್ರವೊಂದನ್ನು ಕಟ್ಟಿ ನಾಯಕನನ್ನು ಕೃಷ್ಣದೇವರಾಯನ ಕಾಲಕ್ಕೆ ಕಳುಹಿಸಿದರು. ಪುನರ್ಜನ್ಮದ ಕಥೆಯಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಇನ್ನೊಂದು ಬದುಕೇ ದೊರೆಯುತ್ತದೆ. ಇದು ದೊಡ್ಡ ಸಮಾಧಾನ. ಆದರೆ ತಿದ್ದಲಾಗದ ಕಳೆದ ಕಾಲದ ಎದುರು ಮನುಷ್ಯ ಏನು ಮಾಡಬಲ್ಲ ಎಂಬ ಪ್ರಶ್ನೆ ಈ ಸಮಾಧಾನದಲ್ಲಿ ಮರೆಯಾಗಿಬಿಡುತ್ತದೆ.

ಆ ಪ್ರಶ್ನೆಯನ್ನೇ ಮೆಲುದನಿಯಲ್ಲಿ ಕೇಳುವ ಜಪಾನೀ ಚಿತ್ರವೊಂದಿದೆ. ತೊಶಿಕಾಜು ಕವಾಗುಚಿ ಅವರ ರಂಗಕೃತಿಯಾಗಿ ಹುಟ್ಟಿ, 2015ರಲ್ಲಿ ಕಾದಂಬರಿಯಾಗಿ ಪ್ರಕಟವಾದ ಕಥೆಯನ್ನು 2018ರಲ್ಲಿ ಆಯುಕೊ ತ್ಸುಕಹಾರಾ ತೆರೆಗೆ ತಂದರು. ಅದರ ಹೆಸರನ್ನು ಕನ್ನಡದಲ್ಲಿ ‘ಕಾಫಿ ಆರುವ ಮುನ್ನ’ ಎನ್ನಬಹುದು. ಫುನಿಕುಲಿ ಫುನಿಕುಲಾ ಎಂಬ ಹಳೆಯ ಕಾಫಿ ಅಂಗಡಿಯ ಒಂದು ಗೊತ್ತಾದ ಕುರ್ಚಿಯಲ್ಲಿ ಕುಳಿತರೆ ಬೇಕಾದ ದಿನಕ್ಕೆ ಹೋಗಬಹುದು. ಷರತ್ತುಗಳು ಮಾತ್ರ ಕಠಿಣ. ಕುರ್ಚಿ ಬಿಟ್ಟು ಏಳುವಂತಿಲ್ಲ. ಆ ಅಂಗಡಿಗೆ ಬಂದಿದ್ದವರನ್ನಷ್ಟೇ ಕಾಣಬಹುದು. ಕಾಫಿ ಆರುವ ಮುನ್ನ ಬಟ್ಟಲನ್ನು ಬರಿದು ಮಾಡಬೇಕು; ಇಲ್ಲವಾದರೆ ಅಲ್ಲೇ ಪ್ರೇತವಾಗಿ ಉಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಏನು ಮಾಡಿದರೂ ವರ್ತಮಾನ ಬದಲಾಗದು.

ಹಾಗಾದರೆ ಹೋಗುವುದೇತಕ್ಕೆ? ಚಿತ್ರದ ಜೀವ ಈ ಪ್ರಶ್ನೆಯಲ್ಲಿದೆ. ಮರೆವಿನ ರೋಗಕ್ಕೆ ತುತ್ತಾದ ಹೆಂಡತಿಗೆ ಈಗ ತನ್ನ ಗಂಡ ಅಪರಿಚಿತ. ದಾದಿಯ ವೃತ್ತಿಯಲ್ಲಿರುವ ಆ ಗಂಡ, ಅವಳಿಗೆ ಇನ್ನೂ ತನ್ನ ಗುರುತಿದ್ದ ಒಂದು ದಿನಕ್ಕೆ ಹೋಗಿ ಎದುರಿಗೆ ಕುಳಿತುಕೊಳ್ಳುತ್ತಾನೆ. ಕಾದಂಬರಿಯಲ್ಲಿ ಮರೆಯುವವನು ಗಂಡ. ಚಿತ್ರವು ಅದನ್ನು ತಿರುವುಮುರುವು ಮಾಡಿದೆ. ಹಾಗೆ ಮಾಡಿದ್ದರಿಂದ, ಸೇವೆ ಮಾಡುವುದನ್ನೇ ವೃತ್ತಿಯಾಗಿಸಿಕೊಂಡ ಗಂಡಸೊಬ್ಬ ಮನೆಯಲ್ಲಿ ಸೋಲುವುದು ಕಾಣಸಿಗುತ್ತದೆ. ಯುತಾಕಾ ಮಾತ್ಸುಶಿಗೆ ಈ ಪಾತ್ರವನ್ನು ಹೆಚ್ಚು ಮಾತಿಲ್ಲದೆ ಕಟ್ಟಿದ್ದಾರೆ. ಹಿಂದಿರುಗಿದಾಗ ರೋಗ ಹಾಗೆಯೇ ಇದೆ. ಅವನು ಅದರ ಪಕ್ಕದಲ್ಲಿ ನಿಲ್ಲುವ ಬಗೆ ಮಾತ್ರ ಬೇರೆಯಾಗಿದೆ. ಇದನ್ನು ನೋಡುವ ಕನ್ನಡಿಗನಿಗೆ ಹೇಮಂತ್ ಎಂ. ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ನೆನಪಾಗದಿರದು. ಅಲ್ಲಿ ಅನಂತನಾಗ್ ಅವರ ವೆಂಕೋಬರಾವ್ ಮರೆವಿನ ಮೂಲಕ ತಾನೇ ಹಿಂದಿನ ಕಾಲಕ್ಕೆ ಸರಿಯುತ್ತಿರುತ್ತಾನೆ. ಅವನನ್ನು ಹುಡುಕುತ್ತ ಮಗನೂ ಆ ಕಾಲದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕಾಲಯಾನವೆಂಬ ಹೆಸರಿಲ್ಲದಿದ್ದರೂ ನಮ್ಮ ಭಾಷೆಯಲ್ಲಿ ಆ ಬಗೆಗೆ ಅತ್ಯಂತ ಸಮೀಪವಾದದ್ದು ನನ್ನ ದೃಷ್ಟಿಯಲ್ಲಿ ಇದೇ ಚಿತ್ರ.

ಜಪಾನೀ ಶೀರ್ಷಿಕೆಯನ್ನು ಕನ್ನಡಿಸುವಾಗ ಒದಗುವ ಒಂದು ಲಾಭವನ್ನು ಇಲ್ಲಿ ಹೇಳಬೇಕು. ನಮ್ಮ ‘ಆರು’ ಧಾತುವಿಗೆ ತಣಿಯುವುದಷ್ಟೇ ಅರ್ಥವಲ್ಲ. ದೀಪ ಆರುತ್ತದೆ, ಒದ್ದೆಬಟ್ಟೆ ಆರುತ್ತದೆ, ಗಾಯವೂ ಆರುತ್ತದೆ. ಕಾಫಿ ಆರುವಷ್ಟು ಹೊತ್ತಿನಲ್ಲಿ ಗಾಯವೊಂದು ಆರಬೇಕೆಂಬುದು ಈ ಚಿತ್ರದ ಒಟ್ಟು ವ್ಯಾಪಾರ. ಸೆಂಡೈನ ವಸತಿಗೃಹದ ಮನೆತನವನ್ನು ತೊರೆದು ಬಂದ ಹಿರಾಯಿ, ಅಪಘಾತದಲ್ಲಿ ಮಡಿದ ತಂಗಿಯ ಮಾತನ್ನು ಕೇಳಿಸಿಕೊಳ್ಳಲು ಹಿಂದಕ್ಕೆ ಹೋಗುತ್ತಾಳೆ. ತಂಗಿ ಬದುಕುವುದಿಲ್ಲ. ಅಕ್ಕ ಊರಿಗೆ ಮರಳುತ್ತಾಳೆ.

ಇಷ್ಟು ಸಂಯಮದ ಚಿತ್ರವು ಕೊನೆಯಲ್ಲಿ ಜಾಣತನಕ್ಕೆ ಮರುಳಾಗುತ್ತದೆ. ಇತರರಿಗೆ ಕಾಫಿ ಸುರಿಯುವ ಕಾಜು (ಕಸುಮಿ ಅರಿಮುರಾ) ತಾನೇ ಹಿಂದಕ್ಕೆ ಹೋಗಲಾರಳು, ಅವಳಿಗೆ ಸುರಿದುಕೊಡುವವರಿಲ್ಲ. ಈ ತೊಡಕನ್ನು ಬಿಡಿಸಲು ಅವಳ ಮಗಳು ಭವಿಷ್ಯದಿಂದ ಬರುತ್ತಾಳೆ. ಕಥೆಯ ಲೆಕ್ಕ ಸರಿಹೋಗುತ್ತದೆ, ಆದರೆ ಷರತ್ತಿಗೆ ತಲೆಬಾಗುವುದನ್ನೇ ಕಲಿಸುತ್ತ ಬಂದ ಚಿತ್ರ ಷರತ್ತನ್ನು ದಾಟುವ ಯುಕ್ತಿಯನ್ನು ಮೆಚ್ಚಿಕೊಂಡಂತಾಗುತ್ತದೆ. ಸಂಗೀತವೂ ಈ ಭಾಗದಲ್ಲಿ ಕಣ್ಣೀರಿಗೆ ಅವಸರಪಡಿಸುತ್ತದೆ.

‘ಬ್ಲಿಂಕ್’ ಚಿತ್ರದ ಕಷ್ಟ ಇದಕ್ಕೆ ವಿರುದ್ಧವಾದುದು. ಅದು ಮೊದಲಿನಿಂದಲೇ ಜಾಣ. ದೀಕ್ಷಿತ್ ಶೆಟ್ಟಿ ಅಭಿನಯಿಸಿರುವ ಅಪೂರ್ವನ ಅಲೆದಾಟದ ಮೇಲೆ ಈಡಿಪಸನ ನೆರಳು ಬಿದ್ದಿದೆ. ಲಂಕೇಶರು ಕನ್ನಡಕ್ಕೆ ತಂದ ಆ ನಾಟಕದಲ್ಲಿ ನಡೆಯಬೇಕಾದದ್ದೆಲ್ಲ ಮೊದಲೇ ನಡೆದುಹೋಗಿದೆ, ಉಳಿದಿರುವುದು ತಿಳಿಯುವುದೊಂದೇ. ಆ ತಿಳಿವಿನ ಭಾರವನ್ನು ಹೊರಲು ಮುಖಕ್ಕೆ ಸಮಯ ಬೇಕು. ‘ಬ್ಲಿಂಕ್’ ಕಾಲಗಳ ನಡುವೆ ಎಷ್ಟು ಬೇಗ ಜಿಗಿಯುತ್ತದೆಂದರೆ, ಪ್ರೇಕ್ಷಕನ ಗಮನವೆಲ್ಲ ಗಂಟು ಬಿಡಿಸುವುದಕ್ಕೇ ಸಂದುಹೋಗುತ್ತದೆ. ದೇವಕಿಯ ಪಾತ್ರದಲ್ಲಿ ಚೈತ್ರಾ ಜೆ. ಆಚಾರ್ ಅವರಿಗೆ ಇನ್ನಷ್ಟು ಮೌನ ದೊರೆತಿದ್ದರೆ ಚಿತ್ರದ ತೂಕವೇ ಬೇರೆಯಾಗುತ್ತಿತ್ತು. ರೆಪ್ಪೆ ಬಡಿಯದೆ ಇರುವುದೆಂದರೆ ದೃಷ್ಟಿಯನ್ನು ಕದಲಿಸದೆ ಇರುವುದು ಕೂಡ. ಕಥೆಗೆ ದೊರೆತ ಈ ರೂಪಕವು ಚಿತ್ರದ ಕ್ಯಾಮೆರಾಗೆ ದೊರೆಯಲಿಲ್ಲ. ಆದರೂ ದೊಡ್ಡ ತಾರೆಯರ ಆಸರೆಯಿಲ್ಲದೆ ಇಂಥ ವಸ್ತುವನ್ನು ಕೈಗೆತ್ತಿಕೊಂಡ ಧೈರ್ಯವನ್ನು ಅಲ್ಲಗಳೆಯಲಾಗದು.

ಕದಲದ ದೃಷ್ಟಿಯ ಮಾದರಿ ನಮ್ಮಲ್ಲಿ ಇಲ್ಲದಿಲ್ಲ. ಅಲ್ಲಮನ ಕಥೆಯಲ್ಲಿ ನೆಲದೊಳಗೆ ಹುದುಗಿದ ಗುಡಿಯಲ್ಲಿ ಕುಳಿತವನ ಹೆಸರೇ ಅನಿಮಿಷ. ಅಲ್ಲಮ ಅವನನ್ನು ಕಾಣುತ್ತಾನೆ, ಅವನ ಕೈಯ ಲಿಂಗವನ್ನು ಪಡೆಯುತ್ತಾನೆ, ಆದರೆ ಅವನನ್ನು ಉಳಿಸಿಕೊಳ್ಳಲಾರ. ಕಾಫಿ ಅಂಗಡಿಯ ಆ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕುಳಿತೇ ಇರುವ ಬಿಳಿಯುಡುಗೆಯ ಹೆಂಗಸು, ಕಾಜುವಿನ ತಾಯಿ, ಈ ಅನಿಮಿಷನಿಗೆ ದೂರದ ಬಂಧುವಿನಂತೆ ತೋರುತ್ತಾಳೆ.

ಇನ್ನೂ ಹತ್ತಿರದ ಮಾದರಿ ಬೆಂಗಳೂರಿನ ಉತ್ತರಕ್ಕೇ ಇದೆ. ಹೆಬ್ಬಾಳದಲ್ಲಿ ದೊರೆತ ಕಿಟ್ಟಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಪೆರ್ಬೊಳಲ್ನಾಡು ಮೂವತ್ತರ ಮೇಲೆ ದಾಳಿ ನಡೆದಾಗ ಹೋರಾಡಿ ಮಡಿದವನು ಇಂದ್ರಲೋಕವನ್ನು, ಅಂದರೆ ಅನಿಮಿಷರ ಲೋಕವನ್ನು ಸೇರಿದನೆಂದು ಅದರ ಶಾಸನ ಹೇಳುತ್ತದೆ. ಅದನ್ನು ಓದಲು ಬಂದವನು ಕಲ್ಲಿನ ಮುಂದೆ ನಿಲ್ಲಬೇಕಾಗುತ್ತದೆ. ದಾಳಿಯನ್ನು ತಡೆಯಲಾಗದು, ಕಿಟ್ಟಯ್ಯನನ್ನು ಎಬ್ಬಿಸಲಾಗದು. ಮೇಲ್ಸೇತುವೆಯ ವಾಹನಗಳ ಸದ್ದಿನ ನಡುವೆ ಪೆರ್ಬೊಳಲ್ ಎಂಬ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ, ತಾನು ಬಂದ ಬಸ್ಸಿನ ಹಲಗೆಯ ಮೇಲಿನ ಹೆಬ್ಬಾಳವೇ ಅದೆಂದು ಕಿವಿಗೆ ತಿಳಿಯುತ್ತದೆ.